ಕುಸುಬಿ ಬಾಯಲ್ಲಿ ತಂದದ್ದು

ಆಳಂದ
20 ಫೆಬ್ರುವರಿ 2025, ಗುರುವಾರ

ಸಂಜುಕುಮಾರ ಅವರಿಗೆ,

ಶೈಲಶ್ರೀ ಬರೆಯುವುದು. ಈ ಕಾಗದದ ತಲೆಯ ಮೇಲೆ ಪೂಜ್ಯ, ಪ್ರೀತಿಯ ಎಂಬ ಯಾವ ಮಾತನ್ನೂ ಹಾಕಿಲ್ಲ, ಹುಡುಕಬೇಡಿ. ನೀವು ಗಟ್ಟಿಮುಟ್ಟಾಗಿದ್ದೀರೆಂದು ಮನೆಗೆಲಸದ ಮರೆಮ್ಮನ ಫೋನಿನಿಂದ ತಿಳಿದಿದೆ. ನಾನು ಹೇಗಿದ್ದೇನೆಂದು ನಿಮ್ಮ ಪತ್ರದಲ್ಲಿ ಕೇಳಿಲ್ಲವಾದ್ದರಿಂದ ಅದನ್ನು ಬರೆಯುವ ಕಾರಣವಿಲ್ಲ.

ಆ ಪತ್ರ ಮೊನ್ನೆ ಬಂತು. ನಿಮ್ಮ ಅಂಗಡಿಯ ಬಿಲ್ಲಿನ ಬೆನ್ನ ಮೇಲೆ ಬರೆದದ್ದು. ಮುಂಬದಿಯಲ್ಲಿ ‘ಬೀಜ, ರಸಗೊಬ್ಬರ ಹಾಗೂ ಕೀಟನಾಶಕಗಳ ವ್ಯಾಪಾರಿಗಳು, ಕರಜಗಿ’ ಎಂಬ ಕೆಂಪಕ್ಷರ, ಹಿಂಬದಿಯಲ್ಲಿ ಹೆಂಡತಿ. ನನ್ನ ಫೋನಿನಲ್ಲಿ ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದರಿಂದ ನೀವು ಪೆನ್ನು ಹಿಡಿಯಬೇಕಾಯಿತು. ಮದುವೆಯಾದ ಇಪ್ಪತ್ತು ತಿಂಗಳಲ್ಲಿ ನೀವು ನನಗೆ ಬರೆದ ಮೊದಲ ಪತ್ರ. ಅದನ್ನು ಇದ್ದ ಹಾಗೆಯೇ ಇಲ್ಲಿ ಇಳಿಸುತ್ತೇನೆ. ನೀವು ಬರೆದದ್ದು ಒಮ್ಮೆ ನಿಮಗೂ ಕೇಳಿಸಲಿ.

“ಶೈಲಾ, ನಿನ್ನ ಬೆಕ್ಕು ಅವನ್ನ ಜೀವಂತ ಹಿಡ್ಕೊಂಡು ಬಂದು ಮನಿಯಾಗ ಬಿಡಾಕತ್ತದ. ಅವ್ವ ಮೂರು ದಿವಸಾತು ಮಂಚದ ಮ್ಯಾಲಿಂದ ಕೆಳಗ ಕಾಲಿಟ್ಟಿಲ್ಲ. ನೀ ಹ್ಯಾಂಗ ಹಿಡೀತಿದ್ದಿ ನಮಗ ತಿಳಿಯಂಗಿಲ್ಲ. ಯಾಕ ಹೋದಿ ಅದೂ ತಿಳಿಯಂಗಿಲ್ಲ. ಒಂದೆರಡು ಕಾಗದದ ಸಲುವಾಗಿ ಇಷ್ಟು ಸಿಟ್ಟು ಸಾಕು. ಶಿವರಾತ್ರಿ ಒಳಗ ಬಂದುಬಿಡು. ಇಲ್ಲಂದ್ರ ನಾ ಅಂಗಡ್ಯಾಗಿನ ಔಷಧ ಇಡ್ತೇನಿ. ಆಮ್ಯಾಲ ಬೆಕ್ಕು ತಿಂದು ಸತ್ತರ ನನಗ ಅನಬ್ಯಾಡ.”

ಇಷ್ಟು ಉದ್ದದ ಪತ್ರದಲ್ಲಿ ‘ಅವು’ ಯಾವುವು ಎಂಬ ಹೆಸರು ಒಮ್ಮೆಯೂ ಇಲ್ಲ. ಇಲಿ. ಬರೆಯಿರಿ ನೋಡೋಣ. ಎರಡೇ ಅಕ್ಷರ. ನಿಮ್ಮ ಮನೆಯಲ್ಲಿ ಆ ಹೆಸರು ಎತ್ತಿದರೆ ಅವು ಕೇಳಿಸಿಕೊಂಡು ಸಂದೂಕದಲ್ಲಿನ ಸೀರೆ ಕಡಿಯುತ್ತವೆಂದು ಅತ್ತೆಯವರು ನಂಬುತ್ತಾರೆ. ಎಪ್ಪತ್ತು ವರ್ಷದ ಅವರ ನಂಬಿಕೆಯನ್ನು ನಾನು ವಾದಿಸಿ ನೋಡಿದೆ, ಸೋತೆ, ಅದು ಬೇರೆ ಮಾತು. ಆದರೆ ನೀವು ಬಿ.ಕಾಂ. ಓದಿದವರು. ಊರಿಗೆಲ್ಲ ಇಲಿ ಪಾಷಾಣ ಮಾರುವವರು. ನಿಮ್ಮ ಗಲ್ಲೆಯ ಮುಂದೆ ನಿಂತ ರೈತರು ದನಿ ತಗ್ಗಿಸಿ “ಅದರದು ಔಷಧ ಕೊಡ್ರಿ ಸಾವಕಾರ್ರ” ಅನ್ನುತ್ತಾರೆ, ನೀವೂ ದನಿ ತಗ್ಗಿಸಿ ಕೊಡುತ್ತೀರಿ. ಅದನ್ನು ಯಾವುದರಲ್ಲಿ ಸುತ್ತಿ ಕೊಡುತ್ತಿದ್ದಿರಿ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ಟ್ರಂಕಿನಲ್ಲಿದ್ದ ‘ಅನ್ನದಲ್ಲಿ ವಿಷವೇಕೆ’ ಎಂಬ ಕರಪತ್ರದ ನಲವತ್ತು ಪ್ರತಿಗಳಲ್ಲಿ. ಅದು ಗೊತ್ತಾದ ದಿನ ನಾನು ಅತ್ತೆ, ಮರೆಮ್ಮ, ಬೀದಿ ಎಲ್ಲರಿಗೂ ಕೇಳುವಂತೆ ಕೂಗಾಡಿದ್ದು ನಿಜ. ಅದಕ್ಕೇ ಮನೆ ಬಿಟ್ಟೆನೆಂದು ನೀವು ತಿಳಿದಿದ್ದೀರಿ. ತಪ್ಪು ತಿಳಿದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದ ಕೊನೆಯ ಎರಡು ಸಾಲು ಬೆದರಿಕೆ. ಬೆಕ್ಕನ್ನು ಒತ್ತೆ ಇಟ್ಟುಕೊಂಡು ಹೆಂಡತಿಯನ್ನು ಕರೆಯುತ್ತಿದ್ದೀರಿ. ವಿಷ ತಿಂದ ಇಲಿಯನ್ನು ತಿಂದರೆ ಕುಸುಬಿ ಹೇಗೆ ಸಾಯುತ್ತಾಳೆಂದು ನಿಮಗೆ ಚೆನ್ನಾಗಿ ಗೊತ್ತು, ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ನಾನೇ ನಿಮಗೆ ಓದಿ ಹೇಳಿದ್ದೆ. ಹಾಗಾಗಿ ಈ ಕಾಗದ ಬರೆಯುತ್ತಿರುವುದು ನಿಮಗಾಗಿ ಎಂದು ತಿಳಿಯಬೇಡಿ. ಕುಸುಬಿಗಾಗಿ. ಅವಳ ಜೀವ ಉಳಿಯಬೇಕಾದರೆ ನಿಮಗೆ ಇಲಿ ಹಿಡಿಯಲು ಬರಬೇಕು, ನಿಮಗೆ ಬರಬೇಕಾದರೆ ನಾನು ಕಲಿಸಬೇಕು. ಹೋಗಲಿ, ಕಲಿಸುತ್ತೇನೆ. ಮದುವೆಯಾದ ಹೊಸದರಲ್ಲಿ ಹೇಳಿದಾಗ “ಏ ಕರಪತ್ರ, ಭಾಷಣ ಸಾಕು, ಚಾ ತಾ” ಎಂದಿದ್ದಿರಿ. ಈಗ ಚಹಾ ಮಾಡಿಕೊಂಡು ಕುಳಿತು ಓದಿ. ನಾನು ಸುಳ್ಳು ಬರೆಯುವವಳಲ್ಲ. ಸುಳ್ಳು ನಿಮ್ಮ ಮನೆಯ ಕಸುಬು.

ಮೊದಲು ಕಿವಿ. ಬಾಯಲ್ಲಿ ಇಲಿ ಇದ್ದಾಗ ಕುಸುಬಿ ಮ್ಯಾಂವ್ ಎನ್ನುವುದಿಲ್ಲ, ಮೂಗಿನಿಂದ ಊಂ ಊಂ ಎಂದು ನರಳುವಂತೆ ಕೂಗುತ್ತಾಳೆ. ಅಡಿಗೆಮನೆಯ ಕಿಟಕಿಯಿಂದ ಇಳಿಯುತ್ತಾಳೆ. ಆಗ ಯಾರೂ ಕೂಗಬಾರದು. ನೀವು ಹೋ ಎಂದು ಎದ್ದು ನಿಂತಿರೋ ಅವಳು ಬೆದರಿ ಬಾಯಿ ಬಿಡುತ್ತಾಳೆ, ಇಲಿ ನಿಮ್ಮ ಧೋತರದ ಕಡೆಗೇ ಓಡುತ್ತದೆ. ಮರೆಮ್ಮ ಹೇಳಿದಳು, ಹೋದ ಶನಿವಾರ ನೀವು ಗೋಧಿ ಚೀಲದ ಮೇಲೆ ಹತ್ತಿ ನಿಂತು “ಯವ್ವಾ, ಯವ್ವಾ” ಅನ್ನುತ್ತಿದ್ದಿರಂತೆ, ಅತ್ತೆ ಮಂಚದ ಮೇಲಿಂದ “ನಾ ಏನ್ ಮಾಡ್ಲಿ ಲೇ, ನೀನ ಗಂಡಸ ಇದ್ದಿ” ಅನ್ನುತ್ತಿದ್ದರಂತೆ. ಈ ಸುದ್ದಿ ಕೇಳಿ ನಾನು ಒಬ್ಬಳೇ ಕುಳಿತು ಬಹಳ ಹೊತ್ತು ನಕ್ಕೆ. ಬಚ್ಚಿಡುವುದಿಲ್ಲ, ಬಹಳ ಸುಖವಾಯಿತು.

ಇಲಿ ಬಿದ್ದ ಕೋಣೆಯ ಬಾಗಿಲು ಹಾಕಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಗೋಣಿ ತುರುಕಿ. ಆಮೇಲೆ ಕುಸುಬಿಯನ್ನು ಹೊರಗೆ ಹಾಕಿ. ಅವಳು ಒಳಗಿದ್ದರೆ ಇಲಿ ಸಂದಿಯಿಂದ ಹೊರಗೆ ಬರುವುದೇ ಇಲ್ಲ. ಅವಳನ್ನು ಬೈಯಬೇಡಿ, ಹೊಡೆಯಬೇಡಿ. ತನ್ನ ದುಡಿಮೆಯನ್ನು ಮನೆಗೆ ತಂದು ಕೊಡುತ್ತಿದ್ದಾಳೆ, ಅಷ್ಟೇ. ದುಡಿಯುವ ಹೆಣ್ಣನ್ನು ಹೊರಗೆ ದೂಡುವುದು ನಿಮಗೆ ರೂಢಿ ಇದೆ, ಇದೊಂದನ್ನಾದರೂ ಮೆಲ್ಲಗೆ ಮಾಡಿ.

ಇಲಿ ಕೋಣೆಯ ನಡುವೆ ಓಡುವುದಿಲ್ಲ, ಗೋಡೆ ಹಿಡಿದು ಓಡುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸವಾಯಿತು. ನಿಮ್ಮ ಅಂಗಡಿಯಿಂದ ಮೊಣಕೈ ಉದ್ದದ ಪಿವಿಸಿ ಪೈಪು ತಂದು ಗೋಡೆಗೆ ತಾಗಿಸಿ ಮಲಗಿಸಿ. ಅದರ ಒಂದು ಬಾಯಿಗೆ ಹಳೆಯ ಬಟ್ಟೆ ತುಂಬಿ. ಇನ್ನೊಂದು ಕಡೆಯಿಂದ ಪೊರಕೆಯ ಹಿಡಿಯಿಂದ ನೆಲ ತಟ್ಟುತ್ತ ಬನ್ನಿ. ಕತ್ತಲೆಯ ತೂತು ಕಂಡರೆ ಅದು ತಾನೇ ಒಳಗೆ ಹೋಗುತ್ತದೆ. ಹೋದ ಕೂಡಲೇ ಪೈಪು ಎತ್ತಿ ನಿಲ್ಲಿಸಿ, ಮೇಲಿನ ಬಾಯಿಗೂ ಬಟ್ಟೆ ತುಂಬಿ. ಮರಿ ಇಲಿಯಾದರೆ ಪೈಪು ಬೇಡ, ಸ್ಟೀಲಿನ ಬೋಗುಣಿ ಬೋರಲು ಹಾಕಿ ಕೆಳಗೆ ಕ್ಯಾಲೆಂಡರಿನ ರಟ್ಟು ತೂರಿಸಿದರೆ ಸಾಕು. ಬರಿಗೈಯಿಂದ ಮುಟ್ಟಬೇಡಿ, ಕಚ್ಚುತ್ತದೆ. ಔಷಧ ಸಿಂಪಡಿಸುವವರಿಗೆ ನೀವು ಮಾರುವ ರಬ್ಬರು ಕೈಗವಸು ಇವೆಯಲ್ಲ, ಒಂದು ಜೊತೆ ಮನೆಗೆ ತನ್ನಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ಫಿನೈಲು ನೀರು ಹಾಕಿ ನೆನೆಸಿ ಒರೆಸಬೇಕು, ಇಲ್ಲದಿದ್ದರೆ ಧೂಳು ಅತ್ತೆಯವರ ಎದೆಗೆ ಇಳಿಯುತ್ತದೆ. ಅವರಿಗೆ ಮೊದಲೇ ದಮ್ಮು.

ಹಿಡಿದದ್ದನ್ನು ಹಿತ್ತಲ ಬೇವಿನ ಗಿಡದ ಬುಡಕ್ಕೆ ಒಯ್ದು ಬಿಡಿ. ನಾನು ಅಲ್ಲಿಯೇ ಬಿಡುತ್ತಿದ್ದೆ.

ಕುಸುಬಿಗೆ ಹೊತ್ತು ಮುಳುಗುವ ಮೊದಲು ಹೊಟ್ಟೆ ತುಂಬ ಹಾಲು, ರೊಟ್ಟಿ ಹಾಕಿ, ಒಳಗಿಟ್ಟುಕೊಂಡು ಅಡಿಗೆಮನೆಯ ಕಿಟಕಿ ಮುಚ್ಚಿ, ಬೆಳಗಾದ ಮೇಲೆ ತೆಗೆಯಿರಿ. ಅವಳು ಬೇಟೆಗೆ ಹೋಗುವುದು ಮುಸ್ಸಂಜೆ, ನಸುಕು, ಈ ಎರಡು ಹೊತ್ತಿನಲ್ಲೇ ಹೆಚ್ಚು. ಹಿಂದಿನ ಹೊಲದಲ್ಲಿ ಕಬ್ಬು ಕಡಿಯುವವರ ಗುಂಪು ಇನ್ನೂ ಇದ್ದರೆ ಇಲಿಗಳು ಗೂಡು ಬಿಟ್ಟು ದಿಕ್ಕಾಪಾಲು ಓಡುತ್ತಿರುತ್ತವೆ. ಅವುಗಳ ಮನೆ ನಾವು ಕಡಿದಿದ್ದೇವೆ, ಅವು ನಮ್ಮ ಮನೆಗೆ ಬರುತ್ತವೆ. ಇದು ಯಾವ ಕರಪತ್ರದಲ್ಲೂ ಇಲ್ಲ, ನನ್ನದೇ ಮಾತು.

ಈ ಪೈಪಿನ ಬಗ್ಗೆ ಇನ್ನೊಂದು ಬರೆಯಬಾರದೆಂದಿದ್ದೆ. ಹೋದ ವರ್ಷದ ಯುಗಾದಿಯ ಮರುದಿನ ಕುಸುಬಿ ಮೊದಲ ಸಲ ದೊಡ್ಡ ಇಲಿ ತಂದಾಗ ನೀವೇ ಪೈಪಿನ ಇನ್ನೊಂದು ತುದಿ ಹಿಡಿದಿದ್ದಿರಿ. ಕೈಗೆ ಹಸಿರು ರಬ್ಬರು ಗವಸು, ತಲೆಗೆ ಅತ್ತೆಯವರ ಟವೆಲು. ಇಲಿ ಒಳಗೆ ಹೋದಾಗ ನೀವು “ಹೋತು ಹೋತು ಹೋತು” ಎಂದು ಕುಣಿದಿರಿ. ಇಬ್ಬರೂ ಹಿತ್ತಲಲ್ಲಿ ಕುಳಿತು ಉಸಿರು ಕಟ್ಟುವ ಹಾಗೆ ನಕ್ಕೆವು. ಈ ಮನುಷ್ಯನ ಜೊತೆ ನನ್ನ ಬಾಳು ಆದೀತು ಎಂದು ಆ ಸಂಜೆ ನನಗೆ ಅನ್ನಿಸಿತ್ತು. ಮರುದಿನದಿಂದ ನೀವು ಬರಲಿಲ್ಲ. ಗೆಳೆಯರು ಅಂಗಡಿಯಲ್ಲಿ “ಏನ್ ಸಂಜು, ಹೆಂಡ್ತಿ ಕೂಡ ಇಲಿ ಹಿಡಿಲಾಕ ಹತ್ತಿ ಅಂತಲ್ಲ” ಎಂದು ನಕ್ಕರೆಂದು ನಿಮಗೆ ನಾಚಿಕೆ. ನಿಮ್ಮ ಗೆಳೆಯರಿಗೆ ಆ ಹೆಸರು ಎತ್ತಲು ಹೆದರಿಕೆ ಇರಲಿಲ್ಲ ನೋಡಿ.

ಇನ್ನು ನಾನು ಯಾಕೆ ಹೋದೆ ಎಂಬುದು.

ಎಷ್ಟೋ ಇಲಿ ಹಿಡಿದೆ, ನನ್ನ ಕೈ ತಪ್ಪಿದ್ದು ಒಂದೇ. ಜನವರಿಯ ಎರಡನೆಯ ವಾರ, ಕಬ್ಬಿನ ಗುಂಪು ಬಂದ ದಿನ. ಕುಸುಬಿ ಹೊಟ್ಟೆ ಉಬ್ಬಿದ ಬೂದು ಇಲಿಯೊಂದನ್ನು ಜೀವಂತ ತಂದು ನಡುಮನೆಯಲ್ಲಿ ಬಿಟ್ಟಳು. ಅದು ಗೋಡೆ ಹಿಡಿದು ಓಡಿ ದೇವರ ಕೋಣೆಯ ಜಗಲಿಯ ಕೆಳಗೆ ನುಗ್ಗಿತು. ನಾನು ಹೊಸ್ತಿಲಲ್ಲೇ ನಿಂತೆ. ನಮ್ಮ ನಡುವೆ ಒಪ್ಪಂದವಿತ್ತಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಜಗಲಿಯ ಮೇಲೆ ಹತ್ತು ದೇವರ ಫೋಟೊ ಯಾಕೆ ಎಂದು ನಾನು ಬಂದ ಮೊದಲ ತಿಂಗಳೇ ಕೇಳಿದ್ದೆ. ನೀವು “ಹಂಗಾದ್ರ ನೀ ಜಗಲಿ ಮುಟ್ಟಬ್ಯಾಡ, ನಾವು ನಿನ್ನ ಪೆಟಿಗಿ ಮುಟ್ಟಂಗಿಲ್ಲ” ಎಂದಿರಿ. ನಾನು ಜಗಲಿ ಮುಟ್ಟಲಿಲ್ಲ. ನೀವು ನನ್ನ ಪೆಟ್ಟಿಗೆಗೆ ಏನು ಮಾಡಿದಿರಿ ಎಂದು ಮೇಲೆ ಬರೆದಿದ್ದೇನೆ. ಆ ದಿನವೂ ಮಾತಿಗೆ ಕಟ್ಟುಬಿದ್ದು ಒಳಗೆ ಕಾಲಿಡಲಿಲ್ಲ, ಒಂದು ಇಲಿ ಉಳಿಯಿತು ಎಂದು ಯಾರಿಗೂ ಹೇಳಲೂ ಇಲ್ಲ.

ಜನವರಿ 22ರಂದು ಅತ್ತೆ ಮರೆಮ್ಮನನ್ನು ಕರೆದುಕೊಂಡು ಜಿಡಗಾದ ಮಠಕ್ಕೆ ಹೋಗಿದ್ದರು. ನೀವು ಅಂಗಡಿಯಲ್ಲಿ. ಮನೆ ಸದ್ದಿಲ್ಲದೆ ಇದ್ದುದರಿಂದ ಜಗಲಿಯ ಕೆಳಗಿನ ಚೀಂ ಚೀಂ ಕೇಳಿಸಿತು. ಕುಸುಬಿ ಅಲ್ಲೇ ಕೆಂಪು ಬಟ್ಟೆಯ ಮುಂದೆ ಕುಳಿತು ಬಾಲ ಆಡಿಸುತ್ತಿದ್ದಳು. ಅವಳನ್ನು ಎತ್ತಿ ಹೊರಗೆ ಹಾಕಿ, ಒಪ್ಪಂದ ಮುರಿದು, ಬಟ್ಟೆ ಎತ್ತಿ ನೋಡಿದೆ. ನೈವೇದ್ಯದ ಬೆಲ್ಲ, ಕೊಬ್ಬರಿ ತಿಂದು ದುಂಡಗಾಗಿದ್ದ ಆ ಬೂದು ಇಲಿ ನನ್ನನ್ನು ಕಂಡು ಮೂಲೆಗೆ ಸರಿಯಿತು. ಗೂಡಿನಲ್ಲಿ ಆರು ಮರಿ. ಕಣ್ಣು ತೆರೆದಿರಲಿಲ್ಲ, ಮೈಮೇಲೆ ಕೂದಲಿರಲಿಲ್ಲ, ಉಗುರಿನ ಬಣ್ಣದ ಮರಿಗಳು. ಅವು ಮಲಗಿದ್ದು ಚೂರು ಚೂರು ಬಿಳಿ ಕಾಗದದ ಹಾಸಿಗೆಯಲ್ಲಿ.

ಕಾಗದ ಕಂಡರೆ ಓದುವ ಚಟ ನನ್ನದು, ನಿಮಗೆ ಗೊತ್ತಿದೆ. ಒಂದು ಚೂರಿನಲ್ಲಿ ‘ಲಶ್ರೀ ಗಂಡ ಸಂಜು’ ಎಂದಿತ್ತು. ಇನ್ನೊಂದರಲ್ಲಿ ‘ಗ್ರಂಥಾಲಯ ಮೇಲ್ವಿಚಾ’. ಮತ್ತೊಂದರಲ್ಲಿ ‘30.12.2024 ರಂದು ಬೆಳಿಗ್ಗೆ’. ಹಿಂದೆ, ಹಲಗೆಗೂ ಗೋಡೆಗೂ ನಡುವೆ, ಇನ್ನೂ ಇಲಿಯ ಬಾಯಿಗೆ ಪೂರ್ತಿ ಸಿಗದ ಅರ್ಧ ಲಕೋಟೆ ನಿಂತಿತ್ತು. ಮೇಲೆ ಸಿಂಹದ ಮುದ್ರೆ, ರಿಜಿಸ್ಟರ್ಡ್ ಎಂಬ ಚೀಟಿ, ನನ್ನ ಹೆಸರು.

ಊರಿನ ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಹಾಕಿದ ದಿನದಿಂದ ಸಂದರ್ಶನದ ಈ ಕರೆಗೆ ನಾನು ಹೇಗೆ ಕಾದಿದ್ದೆ ಎಂದು ನಿಮಗೆ ಗೊತ್ತಿತ್ತು. ಡಿಗ್ರಿ ಎರಡನೇ ವರ್ಷಕ್ಕೆ ನಿಲ್ಲಿಸಿ ಮದುವೆ ಮಾಡಿದರು. ಆಮೇಲೆ ನಾನು ಓದಿದ್ದೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹತ್ತು ರೂಪಾಯಿಯ ಪುಸ್ತಿಕೆ, ಸಭೆಗಳಲ್ಲಿ ಹಂಚಿದ ಹಾಳೆ. ಒಂದು ಕೋಣೆ ತುಂಬ ಪುಸ್ತಕ, ಅದರ ಕೀಲಿಕೈ ನನ್ನ ಸೆರಗಿನಲ್ಲಿ ಎಂಬ ಆಸೆಗೆ ಎಷ್ಟು ಸಲ ನಿದ್ದೆಗೆಟ್ಟಿದ್ದೆ. ನೀವು ಪ್ರತಿ ಸಲ “ಬರ್ತದ ತಗೋ, ಸರಕಾರದ ಕೆಲಸ, ತಡಾ ಆಗ್ತದ” ಎಂದು ಸಮಾಧಾನ ಹೇಳಿದಿರಿ. ಹೇಳುವಾಗ ಅದು ಜಗಲಿಯ ಹಿಂದೆ ಇತ್ತು. ನಾನು ಎಂದೂ ಕೈಯಿಡದ ಜಾಗ ಮನೆಯಲ್ಲಿ ಅದೊಂದೇ ಎಂದು ಲೆಕ್ಕ ಹಾಕಿ, ದೇವರ ಬೆನ್ನಿಗೆ ಇಟ್ಟಿರಿ. ದೇವರ ಹತ್ತಿರ ಇಲಿಯೂ ಇರುತ್ತದೆ ಎಂಬುದನ್ನು, ಇಷ್ಟು ವರ್ಷ ಗಣಪ್ಪನ ಫೋಟೊ ಪೂಜಿಸಿದವರು, ಮರೆತಿರಿ.

ಚೂರುಗಳು ನನಗೆ ಬೇಕಿತ್ತು. ಆದರೆ ತೆಗೆದರೆ ಮರಿಗಳು ಬರಿಯ ಕಲ್ಲಿನ ಮೇಲೆ ಬೀಳುತ್ತಿದ್ದವು. ಟ್ರಂಕಿನಿಂದ ಪ್ರಾಣಿದಯೆಯ ಬಗ್ಗೆ ಇದ್ದ ನನ್ನ ಪುಸ್ತಿಕೆ ತಂದು, ಸಣ್ಣಗೆ ಹರಿದು, ಆ ಆರನ್ನೂ ಅದರ ಮೇಲೆ ಸರಿಸಿ, ನನ್ನ ಪತ್ರವನ್ನು ಚೂರು ಚೂರಾಗಿ ಆರಿಸಿ ಸ್ಟೀಲಿನ ಡಬ್ಬಿಗೆ ತುಂಬಿದೆ. ಅಳಲಿಲ್ಲ. ಅಂದು ಸಂಜೆ ರೊಟ್ಟಿ ಬಡಿಯುವಾಗ ಅತ್ತೆ “ಯಾಕವ್ವ, ಇಷ್ಟು ಜೋರ ಬಡಿಯಾಕತ್ತಿ, ರೊಟ್ಟಿ ಏನ್ ಮಾಡ್ಯಾದ ನಿನಗ” ಎಂದು ಕೇಳಿದರು. ಅಷ್ಟೇ.

ನಿಮಗೆ ನಾನು ನಾಲ್ಕು ದಿನ ಕೊಟ್ಟೆ. ಅದು ನಿಮಗೆ ಗೊತ್ತಿಲ್ಲ, ಈಗ ತಿಳಿಯಿರಿ. ನಾಲ್ಕು ದಿನವೂ ಊಟಕ್ಕೆ ಬಡಿಸುವಾಗ, “ನನಗೇನಾದರೂ ಪೋಸ್ಟ್ ಬಂದಿತ್ತೇನ್ರಿ?” ಎಂದು ಒಂದೇ ಪ್ರಶ್ನೆ ಕೇಳಿದೆ. ಡಬ್ಬಿ ಒಲೆಯ ಪಕ್ಕದ ಗೂಡಿನಲ್ಲೇ ಇತ್ತು, ಉಪ್ಪಿನ ಡಬ್ಬಿಯ ಜೊತೆ. ಒಂದು ಸಲ ನೀವೇ ಉಪ್ಪಿಗೆಂದು ಅದಕ್ಕೆ ಕೈ ಹಾಕಿ ಬಿಟ್ಟಿರಿ. “ಇಲ್ಲ ಬೇ, ಪೋಸ್ಟಿನ ಕಲ್ಯಾಣಕುಮಾರ ಈ ಓಣಿ ಹಾದು ತಿಂಗಳಾತು” ಎಂದಿರಿ. ಮೂರನೆಯ ದಿನ ನಾನು ಕಲ್ಯಾಣಕುಮಾರನನ್ನು ಹುಡುಕಿಕೊಂಡು ಹೋದೆ. ಪಾಪ, ಅವನಿಗೇನು ಗೊತ್ತು. “ಡಿಸೆಂಬರ್ ಹದಿನೆಂಟಕ್ಕ ಅಂಗಡ್ಯಾಗ ಕೊಟ್ಟೇನಲ್ರಿ ಅಕ್ಕಾರ, ಮನಿ ಯಜಮಾನರ ಅಲ್ಲೇನ್ರಿ” ಎಂದು ಸಹಿ ಮಾಡಿದ ಚೀಟಿ ತೋರಿಸಿದ. ಅದರಲ್ಲಿ ನಿಮ್ಮ ಸಹಿ. ‘ಸಂ’ ಎಂಬುದನ್ನು ದೊಡ್ಡದಾಗಿ ಬರೆದು ಅದರ ಬಾಲವನ್ನು ಹೆಸರಿನ ಕೆಳಗೆಲ್ಲ ಎಳೆದದ್ದು. ನಾನು ಅದರ ಫೋಟೊ ತೆಗೆದುಕೊಂಡೆ.

ಐದನೆಯ ದಿನ ಗಣರಾಜ್ಯೋತ್ಸವ. ನೀವು ಶಾಲೆಯ ಸಮಿತಿಯವರೆಂದು ಬಿಳಿ ಅಂಗಿ ತೊಟ್ಟು ಧ್ವಜ ಹಾರಿಸಲು ಹೋದಿರಿ. ನಾನು ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮೈಕಿನಲ್ಲಿ ನಿಮ್ಮದೇ ದನಿ. “ಹೆಣ್ಣುಮಕ್ಕಳನ್ನು ಓದಿಸಿರಿ, ಅವರು ಮನೆಯ ದೀಪ” ಎಂದು. ಬಸ್ಸಿನ ಕಂಡಕ್ಟರ್ ಕೂಡ ಕಿವಿಗೊಟ್ಟು ಕೇಳಿ, “ಛಲೋ ಮಾತಾಡ್ತಾರಲ್ರಿ” ಎಂದ. ಹೌದು, ಛಲೋ ಮಾತಾಡುತ್ತೀರಿ.

ಅದಕ್ಕೂ ಹಿಂದಿನ, ದಿನದ ಮೊದಲ ಬಸ್ಸಿಗೆ ನಾನು ಹೋಗಿರಲಿಲ್ಲ. ಕುಸುಬಿ ಬೆಳಗಿನಿಂದ ಕಬ್ಬಿನ ಹೊಲದಲ್ಲಿ ಎಲ್ಲೋ ಇದ್ದಳು. ಹೊಸ ಬಿದಿರಿನ ಬುಟ್ಟಿ, ಮುಚ್ಚಲು ಸೀರೆಯ ತುಂಡು, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಬದುವಿನ ಮೇಲೆ ನಿಂತು ಗಂಟಲು ಬೀಳುವ ತನಕ ಕರೆದೆ. ಬರಲಿಲ್ಲ. ಎರಡನೆಯ ಬಸ್ಸಿಗೆ ಬರಿಯ ಬುಟ್ಟಿ ಹಿಡಿದು ಹತ್ತಿದೆ. ಮನೆಯಿಂದ ಹೊರಡುವಾಗ ಅತ್ತೆ ಬಾಗಿಲಲ್ಲಿ “ಅವ್ವನ ನೋಡ್ಕೊಂಡು ಲಗೂನ ಬಾ” ಎಂದಿದ್ದರು. ಅವರಿಗೆ ನಾನು ಏನೂ ಹೇಳಿಲ್ಲ. ಅವರ ಮೇಲೆ ನನಗೆ ಹಗೆಯಿಲ್ಲ. ನೀವು ಅಂಗಡಿಗೆ ಹೋದ ಮೇಲೆ ಮಧ್ಯಾಹ್ನ “ಏನ್ ಬರದಾರ ಓದವ್ವ” ಎಂದು ನನ್ನ ಪುಸ್ತಿಕೆಗಳನ್ನು ಕೇಳುತ್ತಿದ್ದವರು ಅವರೊಬ್ಬರೇ. ಪ್ರತಿ ಸಾಲಿಗೂ ಜಗಳ ಆಡುತ್ತಿದ್ದರು, ಆದರೂ ಕೇಳುತ್ತಿದ್ದರು.

ಈಗ ಮುಖ್ಯವಾದದ್ದು. ನಿಮ್ಮ ಮನೆಯಲ್ಲಿ ಓಡಾಡುತ್ತಿರುವ ಇಲಿಗಳನ್ನೆಲ್ಲ ಕುಸುಬಿ ತಂದದ್ದೆಂದು ನೀವು ಅವಳಿಗೆ ವಿಷ ಇಡಲು ಹೊರಟಿದ್ದೀರಿ. ಅವಳು ತಂದದ್ದು ಒಂದೋ ಎರಡೋ. ಉಳಿದವು ಆ ಆರು ಮರಿಗಳು. ತಿಂಗಳಾಯಿತು, ಬೆಳೆದಿವೆ. ಕುಸುಬಿ ಅವನ್ನು ಹಿಡಿಯುತ್ತಿದ್ದಾಳೆ, ತರುತ್ತಿಲ್ಲ. ನಿಮಗೆ ಕಾಣುವುದು ಅವಳ ಬಾಯಿ ಮಾತ್ರ. ವಿಷ ಇಟ್ಟರೆ ನಿಮ್ಮ ಮನೆಯಲ್ಲಿ ನಿಮ್ಮ ಪರವಾಗಿ ದುಡಿಯುತ್ತಿರುವ ಒಂದೇ ಜೀವವನ್ನು ಕೊಂದಂತೆ. ಬೇರನ್ನು ಕೀಳಬೇಕೆಂದಿದ್ದರೆ ಜಗಲಿ ಎತ್ತಬೇಕು. ಫೋಟೊಗಳನ್ನು ಒಂದೊಂದಾಗಿ ಇಳಿಸಿ, ಕೆಂಪು ಬಟ್ಟೆ ತೆಗೆದು, ಹಲಗೆ ಸರಿಸಿ, ಗೂಡು ತೆಗೆಯಬೇಕು. ಅತ್ತೆಯವರಿಲ್ಲದಾಗ ಮಾಡಲು ಆಗದು, ಅವರು ಮಂಚ ಬಿಟ್ಟು ಇಳಿಯುತ್ತಿಲ್ಲ, ಮಂಚದಿಂದ ಜಗಲಿ ನೇರ ಕಾಣುತ್ತದೆ.

ಹಲಗೆಯ ಹಿಂದಿನ ಅರ್ಧ ಲಕೋಟೆಯನ್ನು ನಾನು ತಂದಿಲ್ಲ. ಅಲ್ಲೇ ಬಿಟ್ಟು ಬಂದಿದ್ದೇನೆ, ಬೇಕೆಂದೇ. ಅತ್ತೆಗೆ ಓದು ಬರುವುದಿಲ್ಲ, ಆದರೆ ಪಿಂಚಣಿಯ ಕಾಗದದ ಮೇಲೆ ಸಿಂಹದ ಮುದ್ರೆ ನೋಡಿ ನೋಡಿ ಗುರುತಿದೆ. “ಇದೇನಲೇ ಸಂಜು, ದೇವರ ಹಿಂದ?” ಎಂದು ಕೇಳುತ್ತಾರೆ. ಕೇಳಿದಾಗ ನೀವು ಏನು ಹೇಳುತ್ತೀರಿ? ನನ್ನ ಎದುರು ಸುಳ್ಳು ಹೇಳಿದಿರಿ, ಸರಿ. ಜಗಲಿಯ ಮುಂದೆ ನಿಂತು, ಗಣಪ್ಪನ ಫೋಟೊ ಕಂಕುಳಲ್ಲಿ ಹಿಡಿದುಕೊಂಡು, ಹೆತ್ತವ್ವನಿಗೆ ಏನು ಹೇಳುತ್ತೀರಿ ಎಂದು ಕಲ್ಪಿಸಿಕೊಂಡು ನಾನು ಈ ತಿಂಗಳೆಲ್ಲ ನೆಮ್ಮದಿಯಿಂದ ಉಂಡಿದ್ದೇನೆ. ದಯೆಯ ಬಗ್ಗೆ ಅಷ್ಟೆಲ್ಲ ಓದಿದವಳಿಗೆ ಇಷ್ಟು ಹಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹಗೆ ಹೋಗಲಿಲ್ಲ.

ಮರೆಮ್ಮ ದಿನಾ ಪಾತ್ರೆ ತೊಳೆಯಲು ಬರುತ್ತಾಳೆ. ಕುಸುಬಿ ಇದ್ದಾಳೆಂದು ದಿನಾ ನನಗೆ ಫೋನು ಮಾಡುತ್ತಾಳೆ. ಇದಕ್ಕಾಗಿ ಅವಳ ಕೆಲಸ ಬಿಡಿಸಿದರೆ ಅದೂ ನನಗೆ ತಿಳಿಯುತ್ತದೆ. ಒಂದು ದಿನ ಕುಸುಬಿ ಕಾಣಲಿಲ್ಲವೆಂದರೆ ಏನಾಗುತ್ತದೆಂದು ಕೇಳಿ. ಇಷ್ಟು ದಿನ ಕರಪತ್ರ ಓದಿದವಳು ನಾನು, ಒಂದನ್ನು ಬರೆಯಲೂ ಬಲ್ಲೆ. ನಿಮ್ಮ ಬೆದರಿಕೆಯ ಪತ್ರ, ಕಲ್ಯಾಣಕುಮಾರನ ಚೀಟಿಯ ಫೋಟೊ, ಇಲಿ ಕಡಿದ ನನ್ನ ಹೆಸರು, ಮೂರನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕರಜಗಿಯ ಸಂತೆಯಲ್ಲಿ ನಿಂತು ಕೈಯಾರೆ ಹಂಚುತ್ತೇನೆ. ಸಾವಿರ ಪ್ರತಿ. ಉಳಿದರೆ ನಿಮ್ಮ ಅಂಗಡಿಗೆ ಕೊಡುತ್ತೇನೆ, ಔಷಧ ಸುತ್ತಲು ಬಂದೀತು.

ನಮ್ಮವ್ವ ಆಗಿನಿಂದ ಬಾಗಿಲಿಗೆ ಬಂದು ಹೋಗುತ್ತಿದ್ದಾಳೆ. “ಗಂಡಗ ಕಾಗದ ಬರಿಯಾಕತ್ತೀಯೋ, ನೋಟೀಸ್ ಬರಿಯಾಕತ್ತೀಯೋ?” ಎಂದು ಕೇಳಿದಳು. ಇಲಿ ಹಿಡಿಯುವುದು ಹೇಗೆಂದು ಬರೆಯುತ್ತಿದ್ದೇನೆ ಎಂದೆ. “ಅಷ್ಟಕ್ಕ ಆರು ಹಾಳಿ?” ಎಂದಳು.

ಶಿವರಾತ್ರಿಯೊಳಗೆ ಬಾ ಎಂದು ಬರೆದಿದ್ದೀರಿ. ನಿಮ್ಮ ಮನೆಗೆ ಬರುವುದಿಲ್ಲ. ಹೆಂಡತಿಯಾಗಿ ಆ ಹೊಸ್ತಿಲು ತುಳಿಯುವ ಮಾತು, ನೀವು ನಡೆದದ್ದನ್ನು ನಡೆದ ಹಾಗೆ ನಿಮ್ಮ ಬಾಯಿಂದ ಅತ್ತೆಯ ಮುಂದೆ ಹೇಳುವ ತನಕ, ಇಲ್ಲ. ಹೇಳಿದ ಮೇಲೂ ವಿಚಾರ ಮಾಡಬೇಕು.

ಕಿಟಕಿ ಬೆಳಗಾದ ಮೇಲೆ ತೆರೆಯಲು ಮರೆಯಬೇಡಿ. ಹಾಲು ಬಿಸಿ ಇದ್ದರೆ ಕುಸುಬಿ ಕುಡಿಯುವುದಿಲ್ಲ.

ಇಷ್ಟಕ್ಕೆ ನಿಲ್ಲಿಸುವವಳು,
ಯಾರ ಕರಪತ್ರವೂ ಅಲ್ಲದ
ಶೈಲಶ್ರೀ

ಮರೆತ ಮಾತು: ಸುಳ್ಳು ಬರೆಯುವವಳಲ್ಲ ಎಂದು ಮೇಲೆ ಬರೆದೆ. ಒಂದು ಬರೆದಿದ್ದೇನೆ. ಬೇವಿನ ಗಿಡದ ಬುಡದಲ್ಲಿ ಬಿಟ್ಟ ಇಲಿ ಸಂಜೆಯೊಳಗೆ ಮರಳಿ ಮನೆಗೆ ಬರುತ್ತದೆ. ನಾನು ಒಂದು ದಿನವೂ ಅಲ್ಲಿ ಬಿಟ್ಟಿಲ್ಲ. ಬೇರೆ ಜಾಗವಿದೆ, ಅಲ್ಲಿಂದ ಒಂದೂ ತಿರುಗಿ ಬಂದಿಲ್ಲ. ಆ ಜಾಗವನ್ನು ಕಾಗದದಲ್ಲಿ ಬರೆಯುವುದಿಲ್ಲ. ಇನ್ನೊಂದು ಮಾತು, ಆ ಚೂರುಗಳ ಡಬ್ಬಿ ಹಿಡಿದು ನಾನು ಆ ಪತ್ರ ಕಳಿಸಿದ ಅಫಜಲಪುರದ ಕಚೇರಿಗೆ ಹೋಗಿದ್ದೆ. ಡಿಸೆಂಬರಿನಲ್ಲಿ ಸಾಕಷ್ಟು ಮಂದಿ ಬರಲಿಲ್ಲವೆಂದು ಸಂದರ್ಶನ ಮುಂದಕ್ಕೆ ಹೋಗಿತ್ತಂತೆ. ಫೆಬ್ರುವರಿ ಹತ್ತಕ್ಕೆ ಮತ್ತೆ ಕರೆದರು, ಮೊನ್ನೆ ಆದೇಶ ಬಂತು. ನಿಮ್ಮ ಪತ್ರ ಬಂದ ಅದೇ ಟಪಾಲಿನಲ್ಲಿ. ಈ ಸಲ ಸಹಿ ಮಾಡಿ ತೆಗೆದುಕೊಂಡವಳು ನಾನೇ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕರಜಗಿಯ ಗ್ರಂಥಾಲಯದ ಬಾಗಿಲು ತೆರೆಯುತ್ತೇನೆ, ನಿಮ್ಮ ಅಂಗಡಿಯ ಗಲ್ಲೆಯಿಂದ ಕಾಣುತ್ತದೆ. ಬಿದಿರಿನ ಬುಟ್ಟಿ ಮೇಜಿನ ಕೆಳಗೆ ಇರುತ್ತದೆ, ಕುಸುಬಿಯನ್ನು ನೀವೇ ಎತ್ತಿಕೊಂಡು ಬಂದು ಕೊಡಬೇಕು. ಇಲಿ ಎಲ್ಲಿ ಬಿಡಬೇಕೆಂದು ಆಗ ಹೇಳುತ್ತೇನೆ. ಒಳಗೆ ಬರುವವರೆಲ್ಲ ಬಾಗಿಲಲ್ಲಿ ರಿಜಿಸ್ಟರ್ ತುಂಬಬೇಕು, ಹೆಸರು, ಊರು, ಬಂದ ಕಾರಣ. ಕಾರಣದ ಜಾಗದಲ್ಲಿ ‘ಇಲಿ’ ಎಂದು ಬಿಡಿಸಿ ಬರೆಯಿರಿ. ಕೆಳಗೆ ಸಹಿ ಮಾಡಿ. ನಿಮ್ಮ ಸಹಿ ನನಗೆ ಗುರುತಿದೆ.